ತಟ್ಟೆಯಿಂದ ತೆಗೆಯುವ ಮುನ್ನ

ಕೆಲವು ವರ್ಷಗಳ ಹಿಂದಿನ ಮಾತು. ನಂಜನಗೂಡಿನ ಕಡೆಯ ಹಳ್ಳಿಯೊಂದರಿಂದ ಒಂದು ಮಗುವನ್ನು ನನ್ನ ಹತ್ತಿರ ಕರೆತಂದರು. ಗಂಡು ಮಗು. 14 ತಿಂಗಳು. ಜೊತೆಯಲ್ಲಿ ತಾಯಿ ಮತ್ತು ಆಕೆಯ ಅತ್ತೆ. ಮಗುವನ್ನು ತೂಕದ ಯಂತ್ರದ ಮೇಲೆ ಕೂರಿಸಿದೆ. ಏಳೂವರೆ ಕಿಲೋ. ಆ ವಯಸ್ಸಿಗೆ ಒಂಬತ್ತೂವರೆ, ಹತ್ತು ಕಿಲೋ ತೂಗಬೇಕಿತ್ತು. ಕೈಕಾಲು ಸಣ್ಣ. ಕೆನ್ನೆ ಇಳಿದುಹೋಗಿತ್ತು. ಅಳುವುದಕ್ಕೂ ಅದಕ್ಕೆ ಉತ್ಸಾಹ ಇರಲಿಲ್ಲ.

ತಾಯಿ ಚೀಲದಿಂದ ಒಂದು ಚೀಟಿ ತೆಗೆದರು. ಮಗುವಿಗೆ ಕೊಡಬಾರದ ಪದಾರ್ಥಗಳ ಪಟ್ಟಿ. ಹಾಲು. ಮೊಟ್ಟೆ. ಕಡಲೆಬೀಜ. ತೊಗರಿಬೇಳೆ. ಬಾಳೆಹಣ್ಣು. ಬದನೆಕಾಯಿ. ಮೀನು. ಒಂದೊಂದಕ್ಕೂ ಒಂದೊಂದು ಕಾರಣ. ಬಾಳೆಹಣ್ಣು ತಿಂದ ಮಾರನೆಯ ದಿನ ನೆಗಡಿಯಾಗಿತ್ತು. ಬೇಳೆಕಟ್ಟು ಕುಡಿದ ವಾರವೇ ಭೇದಿಯಾಗಿತ್ತು. ಮೊಟ್ಟೆ ತಿಂದಾಗ ಮೈಮೇಲೆ ಗಂಧೆ ಎದ್ದಿತ್ತು. ಭೇದಿ ಆದಾಗ ಯಾರೋ ಹಾಲು ಬೇಡ ಅಂದಿದ್ದರು. ಅದು ಹಾಗೇ ನಿಂತುಹೋಗಿತ್ತು. ಕಡಲೆಬೀಜ, ಮೀನು ಮಗುವಿನ ಬಾಯಿಗೆ ಬಿದ್ದೇ ಇರಲಿಲ್ಲ. ಅಕ್ಕಪಕ್ಕದವರ ಮಾತು ಕೇಳಿ ಪಟ್ಟಿಗೆ ಸೇರಿದ್ದವು. ತಾಯಿಯ ಹಾಲೂ ಒಗ್ಗುತ್ತಿಲ್ಲವೇನೋ ಎಂದು ವರ್ಷ ತುಂಬಿದ ಕೂಡಲೇ ಅದನ್ನೂ ಬಿಡಿಸಿದ್ದರು. ಉಳಿದದ್ದು ಅಕ್ಕಿ ಗಂಜಿ, ಬೆಲ್ಲದ ನೀರು.

ಪ್ರೀತಿಯಿಂದ ಬರೆದ ಚೀಟಿ ಅದು. ಮಗು ಸೊರಗಿದ್ದೂ ಆ ಚೀಟಿಯಿಂದಲೇ.

ಇವತ್ತು ನಾನು ಮಾತಾಡುವುದು ಆ ಚೀಟಿಯ ಬಗ್ಗೆ. ಎಳೆಯ ಮಗುವಿಗೆ ಯಾವುದೋ ಆಹಾರ ಅಲರ್ಜಿ ಇರಬಹುದೆಂಬ ಅನುಮಾನ ಬಂದಾಗ ಏನನ್ನು ಗಮನಿಸಬೇಕು? ತಟ್ಟೆಯಿಂದ ಯಾವುದನ್ನು ತೆಗೆಯಬೇಕು? ಯಾವುದನ್ನು ತೆಗೆಯಬಾರದು?

ಆ ದಿನ ನನಗೆ ದಾರಿ ತೋರಿಸಿದವರು ಅಜ್ಜಿ. ಮೊಟ್ಟೆ ತಿಂದ ಎಷ್ಟು ಹೊತ್ತಿಗೆ ಗಂಧೆ ಎದ್ದಿತು ಎಂದು ಕೇಳಿದೆ. ತಾಯಿಗೆ ನೆನಪಿರಲಿಲ್ಲ. ಅಜ್ಜಿ ತಟ್ಟನೆ ಹೇಳಿದರು: "ಒಲೆ ಮೇಲೆ ಕುಕ್ಕರ್ ಇಟ್ಟಿದ್ದೆ ಡಾಕ್ಟ್ರಮ್ಮಾ. ಮೊಟ್ಟೆ ತಿನ್ನಿಸಿ ಬಾಯಿ ಒರೆಸ್ದೆ. ಮೂರನೇ ಕೂಗು ಕೂಗಿರ್ಲಿಲ್ಲ. ಅಷ್ಟ್ರಲ್ಲೇ ಮೈಯೆಲ್ಲಾ ಎದ್ದುಬುಡ್ತು."

ಎಷ್ಟೋ ರಕ್ತಪರೀಕ್ಷೆಗಳು ಕೊಡದ ಮಾಹಿತಿಯನ್ನು ಆ ಮಾತು ನನಗೆ ಕೊಟ್ಟಿತು. ಯಾಕೆ ಎಂದು ಹೇಳುತ್ತೇನೆ.

ಮೊದಲು ಅಲರ್ಜಿ ಎಂದರೇನು ನೋಡೋಣ. ನಮ್ಮ ಮೈಯಲ್ಲಿ ರೋಗಾಣುಗಳನ್ನು ಎದುರಿಸುವ ಒಂದು ವ್ಯವಸ್ಥೆ ಇದೆ. ಕೆಲವು ಮಕ್ಕಳಲ್ಲಿ ಅದು ತಪ್ಪು ತಿಳಿಯುತ್ತದೆ. ಹಾಲಿನ, ಮೊಟ್ಟೆಯ ಅಥವಾ ಕಡಲೆಬೀಜದ ಪ್ರೋಟೀನನ್ನು ಶತ್ರು ಎಂದುಕೊಳ್ಳುತ್ತದೆ. ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಿ ಇಟ್ಟುಕೊಳ್ಳುತ್ತದೆ. ಮುಂದೆ ಅದೇ ಆಹಾರ ಒಳಗೆ ಬಂದಾಗ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳು ಒಮ್ಮೆಲೇ ಬಿಡುಗಡೆಯಾಗುತ್ತವೆ. ಚರ್ಮ ಊದುತ್ತದೆ, ತುರಿಸುತ್ತದೆ. ಹೊಟ್ಟೆ ತೊಳಸುತ್ತದೆ. ಉಸಿರಿನ ಕೊಳವೆ ಬಿಗಿಯುತ್ತದೆ. ಅಲರ್ಜಿ ಎಂಬ ಪದವನ್ನು 1906ರಲ್ಲಿ ಮೊದಲು ಬಳಸಿದವರು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ಈ ಕೆಲಸ ಮಾಡುವ ಪ್ರತಿಕಾಯ ಯಾವುದೆಂದು ತಿಳಿಯಲು ಮತ್ತೆ 60 ವರ್ಷ ಬೇಕಾಯಿತು.

ಈ ಪ್ರತಿಕ್ರಿಯೆಗೆ ಒಂದು ಗುಣವಿದೆ. ಅದು ಬೇಗ ಬರುತ್ತದೆ. ತಿಂದ ಕೆಲವೇ ನಿಮಿಷಗಳಲ್ಲಿ. ಸಾಮಾನ್ಯವಾಗಿ ಎರಡು ಗಂಟೆಯ ಒಳಗೆ. ಇನ್ನೊಂದು ಗುಣ, ಅದೇ ಆಹಾರ ಮತ್ತೆ ಹೊಟ್ಟೆಗೆ ಹೋದಾಗ ಸಾಮಾನ್ಯವಾಗಿ ಮತ್ತೆ ಬರುತ್ತದೆ. ಆದ್ದರಿಂದಲೇ ಕುಕ್ಕರಿನ ಮೂರನೇ ಕೂಗು ನನಗೆ ಅಷ್ಟು ಮುಖ್ಯವಾಯಿತು. ಮಾರನೆಯ ದಿನದ ನೆಗಡಿಗೂ ಬಾಳೆಹಣ್ಣಿಗೂ ಇಂಥ ನಂಟಿಲ್ಲ.

ಗಂಧೆ ಎಂದರೆ ಏನೆಂದು ಹೇಳುತ್ತೇನೆ. ಮಾತಿನಲ್ಲೇ ಚಿತ್ರ ಕೊಡಬೇಕಲ್ಲ. ಸೊಳ್ಳೆ ಕಚ್ಚಿದ ಜಾಗ ಹೇಗೆ ಉಬ್ಬುತ್ತದೆ, ಹಾಗೆ. ಆದರೆ ಅದಕ್ಕಿಂತ ಅಗಲ. ಕೆಲವು ಕಾಳಿನಷ್ಟು, ಕೆಲವು ಅಂಗೈಯಷ್ಟು. ಮುಟ್ಟಿದರೆ ದಪ್ಪ. ನಡುವೆ ಬಿಳಿಚಿಕೊಂಡು ಸುತ್ತ ಕೆಂಪಗಿರಬಹುದು. ಕಪ್ಪು ಮೈಬಣ್ಣದ ಮಗುವಿನಲ್ಲಿ ಕೆಂಪು ಕಾಣಿಸದೇ ಇರಬಹುದು. ಆಗ ಕಣ್ಣಿಗಿಂತ ಬೆರಳು ಮೇಲು. ಮೈಮೇಲೆ ಕೈಯಾಡಿಸಿ ನೋಡಿ. ಒಂದು ಕಡೆ ಅಡಗಿ ಇನ್ನೊಂದು ಕಡೆ ಏಳುವುದು ಗಂಧೆಯ ಲಕ್ಷಣ. ತುಟಿ, ಕಣ್ಣಿನ ರೆಪ್ಪೆ ಊದಿಕೊಳ್ಳಬಹುದು. ವಾಂತಿಯಾಗಬಹುದು. ಮಗು ಕಿವಿ, ನಾಲಗೆ ಉಜ್ಜಿಕೊಂಡು ರಚ್ಚೆ ಹಿಡಿಯಬಹುದು.

ಇಲ್ಲಿಯವರೆಗಿನ ಮಾತು ಇಷ್ಟು. ಅಲರ್ಜಿ ಎಂದರೆ ಮೈಯ ರಕ್ಷಣಾ ವ್ಯವಸ್ಥೆ ಆಹಾರವನ್ನು ತಪ್ಪು ತಿಳಿಯುವುದು. ಅದು ಹೆಚ್ಚಾಗಿ ಎರಡು ಗಂಟೆಯೊಳಗೆ ಬರುತ್ತದೆ. ಮತ್ತೆ ತಿಂದರೆ ಮತ್ತೆ ಬರುತ್ತದೆ.

ತಡವಾಗಿ ಬರುವ ಬಗೆಗಳೂ ಇವೆ. ಎರಡನ್ನು ನೆನಪಿಡಿ. ಒಂದು, ಕೆಲವು ವಾರ ಅಥವಾ ಕೆಲವು ತಿಂಗಳ ಕೂಸಿನ ಮಲದಲ್ಲಿ ರಕ್ತದ ಎಳೆ, ಲೋಳೆ ಕಾಣಿಸುವುದು. ಕೂಸು ಬೇರೆಲ್ಲ ವಿಧದಲ್ಲಿ ಚೆನ್ನಾಗಿಯೇ ಇರುತ್ತದೆ. ಹಸುವಿನ ಹಾಲಿನ ಪ್ರೋಟೀನು ಇದಕ್ಕೆ ಕಾರಣ ಇರಬಹುದು. ಇನ್ನೊಂದು, ಆಹಾರ ತಿಂದ ಒಂದರಿಂದ ನಾಲ್ಕು ಗಂಟೆಯ ನಂತರ ಮಗು ಬಿಟ್ಟೂಬಿಡದೆ ವಾಂತಿ ಮಾಡಿಕೊಳ್ಳುವುದು. ಬಿಳಿಚಿಕೊಂಡು ಬಟ್ಟೆಯ ಹಾಗೆ ಸೋಲುವುದು. ಇದರಲ್ಲಿ ಗಂಧೆ ಇರುವುದಿಲ್ಲ. ಅದಕ್ಕೇ ಎಲ್ಲರೂ ಇದನ್ನು ಅಜೀರ್ಣ ಎಂದುಕೊಳ್ಳುತ್ತಾರೆ. ಎರಡಕ್ಕೂ ವೈದ್ಯರು ಬೇಕು. ಎರಡನೆಯದಕ್ಕೆ ಆ ಹೊತ್ತಿನಲ್ಲೇ ಬೇಕು.

ಈಗ, ಅಲರ್ಜಿಯ ಹಾಗೆ ಕಂಡು ಅಲರ್ಜಿ ಅಲ್ಲದ್ದರ ವಿಷಯ. ನನ್ನ ಅನುಭವದಲ್ಲಿ ಈ ಗುಂಪೇ ದೊಡ್ಡದು.

ಭೇದಿಯಾದ ಮೇಲೆ ಹಾಲು ಕುಡಿದರೆ ಕೆಲವು ಮಕ್ಕಳಿಗೆ ಹೊಟ್ಟೆ ಉಬ್ಬುತ್ತದೆ. ಹುಳಿವಾಸನೆಯ ನೀರುಭೇದಿ ಆಗುತ್ತದೆ. ಭೇದಿಯಿಂದ ಕರುಳಿನ ಒಳಪದರ ಸವೆದಿರುತ್ತದೆ. ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕುಗ್ಗಿರುತ್ತದೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಇದು ಸಕ್ಕರೆಯ ತೊಂದರೆ. ಅಲರ್ಜಿ ಪ್ರೋಟೀನಿನ ತೊಂದರೆ. ಎರಡೂ ಬೇರೆ.

ಟೊಮೆಟೊ, ಕಿತ್ತಳೆ ತಿಂದಾಗ ಬಾಯಿಯ ಸುತ್ತ ಮಾತ್ರ ಕೆಂಪಗಾಗಿ ಸ್ವಲ್ಪ ಹೊತ್ತಿನಲ್ಲಿ ಮಾಯವಾದರೆ, ಅದು ಹೆಚ್ಚಾಗಿ ಹುಳಿ ತಾಗಿದ ಉರಿ. ಜ್ವರದ ಜೊತೆ ಮೈತುಂಬ ದದ್ದು ಬಂದರೆ ಅದು ಬಹುಮಟ್ಟಿಗೆ ವೈರಾಣುವಿನ ಕೆಲಸ. ಆ ದಿನ ಮಗು ಏನು ತಿಂದಿತ್ತೋ ಅದರ ಮೇಲೆ ಅಪವಾದ ಬರುತ್ತದೆ, ಅಷ್ಟೆ.

ಇನ್ನು ನಂಜು. ನಮ್ಮ ಮೈಸೂರು ಸೀಮೆಯಲ್ಲಿ ಈ ಮಾತು ಕೇಳದ ಮನೆ ಇಲ್ಲ. ನಂಜನ್ನು ಉಂಡ ದೇವರೇ ನಮ್ಮ ಪಕ್ಕದ ನಂಜನಗೂಡಿನಲ್ಲಿದ್ದಾನೆ. ಗಾಯ ಆದವರಿಗೆ, ಬಾಣಂತಿಗೆ ಬದನೆಕಾಯಿ ನಂಜು ಎನ್ನುತ್ತಾರೆ. ಇದನ್ನು ನಾನು ಮೂಢನಂಬಿಕೆ ಎಂದು ತಳ್ಳಿಹಾಕುವುದಿಲ್ಲ. ಬದನೆಕಾಯಿಯ ಬಗ್ಗೆ ಮೈಸೂರಿನಲ್ಲೇ ಒಂದು ಅಧ್ಯಯನ ನಡೆಯಿತು. 2008ರಲ್ಲಿ ಪ್ರಕಟವಾಯಿತು. ಸುಮಾರು 740 ಜನರನ್ನು ವಿಚಾರಿಸಿ ಪರೀಕ್ಷಿಸಿದರು. ಬದನೆಕಾಯಿ ಮೈಗೆ ಆಗಿಬರದ ಸುಳಿವು ನೂರಕ್ಕೆ ಸುಮಾರು 9 ಮಂದಿಯಲ್ಲಿ ಸಿಕ್ಕಿತು. ಐಜಿಇಯಿಂದ ಬರುವ ಅಲರ್ಜಿ ಎಂದು ಖಚಿತವಾದದ್ದು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಬದನೆಕಾಯಿಯಲ್ಲೇ ಹಿಸ್ಟಮಿನ್ ಇದೆ. ಕೆಲವರಿಗೆ ಅದರಿಂದಲೇ ತುರಿಕೆ ಬರಬಹುದು. ಅಂದರೆ ಹಿರಿಯರು ಕಂಡದ್ದು ಸುಳ್ಳಲ್ಲ. ಆದರೆ ಕಂಡದ್ದೆಲ್ಲ ಅಲರ್ಜಿ ಅಲ್ಲ.

ಹಾಗಾದರೆ ರಕ್ತಪರೀಕ್ಷೆ ಮಾಡಿಸಿದರೆ ಗೊತ್ತಾಗುವುದಿಲ್ಲವೇ? ಈ ಪ್ರಶ್ನೆಯನ್ನು ವಾರಕ್ಕೊಮ್ಮೆಯಾದರೂ ಯಾರಾದರೂ ಕೇಳುತ್ತಾರೆ. ಇದಕ್ಕೂ ಉತ್ತರ ನಮ್ಮ ರಾಜ್ಯದಲ್ಲೇ ಇದೆ. ಯೂರೋಪಿನ ವಿಜ್ಞಾನಿಗಳ ಜೊತೆ ಸೇರಿ ಬೆಂಗಳೂರು, ಮೈಸೂರುಗಳಲ್ಲಿ ಸುಮಾರು 12,000 ವಯಸ್ಕರ ನಡುವೆ ಒಂದು ದೊಡ್ಡ ಸಮೀಕ್ಷೆ ನಡೆಸಿದರು. ಫಲಿತಾಂಶ 2016ರಲ್ಲಿ ಹೊರಬಂತು. ಪರೀಕ್ಷೆಯ ಲೆಕ್ಕದಲ್ಲಿ, ನಾಲ್ವರಲ್ಲಿ ಒಬ್ಬರ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಐಜಿಇ ಇತ್ತು. ಆದರೆ ಅದೇ ಆಹಾರ ತಿಂದು ತೊಂದರೆಯಾಗುತ್ತಿದ್ದವರು? ನೂರಕ್ಕೆ ಒಬ್ಬರ ಆಸುಪಾಸು.

ಈ ಎರಡು ಅಂಕಿಗಳ ನಡುವಿನ ಅಂತರವನ್ನು ದಯವಿಟ್ಟು ಗಮನಿಸಿ. ರಕ್ತದಲ್ಲಿ ಪ್ರತಿಕಾಯ ಇದ್ದ ಮಾತ್ರಕ್ಕೆ ಅಲರ್ಜಿ ಇದೆ ಎಂದಲ್ಲ. ನೂರರಲ್ಲಿ ಪ್ರತಿಕಾಯ ಇರುವ ಸುಮಾರು 25 ಮಂದಿಯಲ್ಲಿ 24 ಮಂದಿ ಆರಾಮವಾಗಿ ಉಣ್ಣುತ್ತಿದ್ದಾರೆ. ಅವರಿಗೆ ವರದಿ ತೋರಿಸಿ ಊಟ ಕಿತ್ತುಕೊಂಡರೆ ಅದು ಚಿಕಿತ್ಸೆಯಲ್ಲ. ನೂರು ಆಹಾರಗಳನ್ನು ಒಂದೇ ಸಲ ಪರೀಕ್ಷಿಸುತ್ತೇವೆ ಎನ್ನುವ ಜಾಹೀರಾತುಗಳು ಈಗ ಬರುತ್ತಿವೆ. ಎಳೆಯ ಮಕ್ಕಳಿಗೆ ಅವನ್ನು ಮಾಡಿಸಬೇಡಿ. ಐಜಿಜಿ ಎಂಬ ಇನ್ನೊಂದು ಪ್ರತಿಕಾಯವನ್ನು ಅಳೆದು ಆಹಾರ ಬಿಡಿಸುವವರಿದ್ದಾರೆ. ಅದು ತಿಂದ ಆಹಾರಕ್ಕೆಲ್ಲ ಸಹಜವಾಗಿ ಇರುವಂಥದ್ದು. ಅಲರ್ಜಿಯನ್ನು ಅದರಿಂದ ಹೇಳಲಾಗದು. ಇದನ್ನು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಇಂಥ ವರದಿ ಹಿಡಿದು ಬಂದ ಸೊರಗಿದ ಮಕ್ಕಳನ್ನು ನಾನು ನೋಡಿದ್ದೇನೆ.

ಪರೀಕ್ಷೆ ಬೇಡವೇ ಬೇಡ ಎಂದಲ್ಲ. ಅನುಮಾನ ಇರುವ ಒಂದೆರಡು ಆಹಾರಕ್ಕೆ ಮಾತ್ರ, ವೈದ್ಯರು ಪೂರ್ತಿ ವಿವರ ಕೇಳಿದ ಮೇಲೆ, ಚರ್ಮದ ಪರೀಕ್ಷೆ ಅಥವಾ ರಕ್ತಪರೀಕ್ಷೆ ಮಾಡಿಸುತ್ತಾರೆ. ನಿಮ್ಮ ವಿವರ ಮೊದಲು. ಪರೀಕ್ಷೆ ಅದರ ಹಿಂದೆ.

ಆ ವಿವರ ಎಲ್ಲಿಂದ ಬರಬೇಕು? ಇಲ್ಲಿಯವರೆಗೆ ಅಲರ್ಜಿ ಯಾವುದು, ಅಲ್ಲದ್ದು ಯಾವುದು, ಪರೀಕ್ಷೆಯ ಮಿತಿ ಏನು ಎಂದು ನೋಡಿದೆವು. ಈಗ ಮನೆಯ ಕೆಲಸಕ್ಕೆ ಬರೋಣ.

ಎರಡು ವರಿಯ ಒಂದು ಪುಸ್ತಕ ಇಟ್ಟುಕೊಳ್ಳಿ. ಮಕ್ಕಳು ಬರೆದು ಬಿಟ್ಟ ಹಳೆಯ ಪುಸ್ತಕ ಸಾಕು. ಏನಾದರೂ ಆದ ದಿನ ಇಷ್ಟು ಬರೆಯಿರಿ. ಮಗು ಏನು ತಿಂದಿತು. ಎಷ್ಟು ತಿಂದಿತು, ಒಂದು ತುತ್ತೋ ಅರ್ಧ ಬಟ್ಟಲೋ. ಹಸಿಯೋ ಬೇಯಿಸಿದ್ದೋ. ಎಷ್ಟು ಹೊತ್ತಿಗೆ ತೊಂದರೆ ಶುರುವಾಯಿತು. ಗಡಿಯಾರ ನೋಡಿರದಿದ್ದರೆ ಕುಕ್ಕರಿನ ಕೂಗಾದರೂ ಸರಿ, ರೇಡಿಯೋದ ವಾರ್ತೆಯಾದರೂ ಸರಿ. ಮೈಮೇಲೆ ಎಲ್ಲಿ, ಏನು ಬಂತು. ಎಷ್ಟು ಹೊತ್ತಿಗೆ ಇಳಿಯಿತು. ಆ ದಿನ ಜ್ವರ, ನೆಗಡಿ ಇತ್ತೇ. ಯಾವ ಔಷಧಿ ಕೊಟ್ಟಿದ್ದಿರಿ. ಇದಕ್ಕೆ ಮೊದಲು ಅದೇ ಪದಾರ್ಥ ತಿಂದಿತ್ತೇ, ಆಗ ಏನಾಯಿತು. ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ. ಆಸ್ಪತ್ರೆಗೆ ಬರುವಷ್ಟರಲ್ಲಿ ಗಂಧೆ ಮಾಯವಾಗಿರುತ್ತದೆ. ಪೊಟ್ಟಣದ ಆಹಾರವಾದರೆ ಆ ಪೊಟ್ಟಣವನ್ನೇ ತನ್ನಿ.

ಕಣ್ಣೆದುರೇ ಬೇಗನೆ ತೊಂದರೆಯಾದ ಆ ಒಂದು ಆಹಾರವನ್ನು ನಿಲ್ಲಿಸಿ. ಅದನ್ನು ಮಾತ್ರ. ಉಳಿದದ್ದೆಲ್ಲ ಮುಂದುವರಿಯಲಿ. ನಿಜವೋ ಸುಳ್ಳೋ ನೋಡೋಣ ಎಂದು ಮನೆಯಲ್ಲಿ ಮತ್ತೆ ಕೊಟ್ಟು ಪರೀಕ್ಷಿಸಬೇಡಿ. ಎರಡನೆಯ ಸಲ ಮೊದಲಿನಷ್ಟೇ ಹಗುರವಾಗಿರುತ್ತದೆ ಎಂದು ಯಾರೂ ಹೇಳಲಾರರು. ಅಂಥ ಪರೀಕ್ಷೆಯನ್ನು ಆಸ್ಪತ್ರೆಯಲ್ಲಿ, ಔಷಧಿ ಪಕ್ಕದಲ್ಲಿಟ್ಟುಕೊಂಡು, ಕಾಳಿನಷ್ಟರಿಂದ ಶುರುಮಾಡಿ ಮೆಲ್ಲಮೆಲ್ಲಗೆ ಹೆಚ್ಚಿಸುತ್ತಾ ಮಾಡುತ್ತೇವೆ. ಅಲರ್ಜಿ ಇದೆಯೋ ಇಲ್ಲವೋ ಎಂದು ಕೊನೆಯ ಮಾತು ಹೇಳುವುದು ಅದೇ.

ಆ ಮಗುವಿನ ಚೀಟಿಗೆ ವಾಪಸು ಬರೋಣ. ಹಾಲಿನ ವಿಷಯ ಕೇಳುತ್ತಿದ್ದೆ. ತಾಯಿ ಹೊರಗೆ ಮಗುವಿನ ಬಟ್ಟೆ ಬದಲಿಸಲು ಹೋದರು. ಆಗ ಅಜ್ಜಿ ಹತ್ತಿರ ಬಂದು ದನಿ ತಗ್ಗಿಸಿದರು. "ನಾನೇ ಎರಡು ತುತ್ತು ಮೊಸರನ್ನ ತಿನ್ನಿಸ್ದೆ ಕಣಮ್ಮಾ. ನಾಲ್ಕೈದು ದಿನ ಆಯ್ತು. ಮಗು ಹಸಿವಿಗೆ ಬಾಯ್ ಬಾಯ್ ಬಿಡ್ತಿತ್ತು. ಸೊಸೆಗೆ ಹೇಳಿಲ್ಲ." ಏನಾದರೂ ಆಯಿತೇ ಎಂದೆ. "ಏನೂ ಆಗ್ನಿಲ್ಲ. ಚೆನ್ನಾಗಿ ನಿದ್ದೆ ಮಾಡ್ತು."

ಮೊಸರು ಒಗ್ಗಿದೆ ಎಂದರೆ ಹಾಲಿನ ಮೇಲಿನ ಅನುಮಾನ ಬಹುಪಾಲು ಕರಗಿದಂತೆ. ಆ ಅಜ್ಜಿ ತಪ್ಪು ಮಾಡಿದೆನೇನೋ ಎಂದು ನಾಲ್ಕೈದು ದಿನ ಒಳಗೊಳಗೇ ಕೊರಗಿದ್ದರು. ಮನೆಯಲ್ಲಿ ಇಂಥ ಗುಟ್ಟು ಇರದಂತೆ ನೋಡಿಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ. ಅಜ್ಜಿ ಕೊಟ್ಟದ್ದು, ಪಕ್ಕದ ಮನೆಯವರು ಕೊಟ್ಟದ್ದು, ಅಣ್ಣ ತನ್ನ ತಟ್ಟೆಯಿಂದ ಹಾಕಿದ್ದು, ಎಲ್ಲವೂ ಪುಸ್ತಕಕ್ಕೆ ಬರಲಿ. ಬೈಗುಳ ಇಲ್ಲದಿದ್ದರೆ ಎಲ್ಲರೂ ನಿಜ ಹೇಳುತ್ತಾರೆ.

ನಿಜವಾಗಿಯೂ ಹಸುವಿನ ಹಾಲಿನ ಅಲರ್ಜಿ ಇದ್ದರೆ? ಎಮ್ಮೆ ಹಾಲು, ಮೇಕೆ ಹಾಲು ಕೊಡೋಣವೇ ಎಂದು ಕೇಳುತ್ತಾರೆ. ಬೇಡ. ಇವುಗಳ ಪ್ರೋಟೀನು ಹಸುವಿನ ಹಾಲಿನದನ್ನೇ ಹೋಲುತ್ತದೆ. ಹಸುವಿನ ಹಾಲು ಆಗದ ಹೆಚ್ಚಿನ ಮಕ್ಕಳಿಗೆ ಇವೂ ಆಗುವುದಿಲ್ಲ. ತಾಯಿಯ ಹಾಲನ್ನು ಬಿಡಿಸಬೇಡಿ. ಆರು ತಿಂಗಳವರೆಗೆ ಅದೊಂದೇ ಸಾಕು. ಕೆಲವೊಮ್ಮೆ ತಾಯಿಯೇ ಕೆಲವು ವಾರ ಹಾಲು ಮೊಸರು ಬಿಡಬೇಕಾಗಬಹುದು. ಅದನ್ನು ವೈದ್ಯರು ಹೇಳಲಿ. ಆಗ ತಾಯಿಗೂ ಸುಣ್ಣದಂಶ ಬೇರೆ ದಾರಿಯಿಂದ ಸಿಗಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ. ನಮ್ಮ ರಾಗಿ ಸರಿ, ಮುದ್ದೆ ಇಲ್ಲಿ ಕೈಹಿಡಿಯುತ್ತವೆ. ಆದರೆ ಹಾಲು ಬಿಟ್ಟ ಕೂಸಿಗೆ ಬಾದಾಮಿ ಹಾಲು, ತೆಂಗಿನ ಹಾಲು, ಗಂಜಿ ತಿಳಿ ಅದರ ಜಾಗ ತುಂಬಲಾರವು. ಒಂದು ಆಹಾರ ತೆಗೆದರೆ ಅದರ ಬದಲಿಗೆ ಏನು ಎಂಬ ಪ್ರಶ್ನೆಗೆ ಉತ್ತರ ಪಡೆದೇ ಆಸ್ಪತ್ರೆಯಿಂದ ಹೊರಡಿ.

ಈಗ ಅತ್ಯಂತ ಮುಖ್ಯವಾದ ಭಾಗ. ಕೈಯಲ್ಲಿರುವ ಕೆಲಸ ಒಂದು ನಿಮಿಷ ಬಿಟ್ಟು ಕೇಳಿ.

ಹೆಚ್ಚಿನ ಅಲರ್ಜಿ ಗಂಧೆಗೇ ಮುಗಿಯುತ್ತದೆ. ಆದರೆ ಕೆಲವೊಮ್ಮೆ ಇಡೀ ಮೈಯನ್ನು ಆವರಿಸುತ್ತದೆ. ಅದಕ್ಕೆ ಅನಾಫಿಲಾಕ್ಸಿಸ್ ಎನ್ನುತ್ತಾರೆ. ಇದು ಪ್ರಾಣಕ್ಕೆ ಅಪಾಯ. ಗುರುತು ಹೇಗೆ? ಉಸಿರಾಡುವಾಗ ಸುಂಯ್ ಸುಂಯ್ ಸದ್ದು. ಪಕ್ಕೆ ಒಳಕ್ಕೆ ಸೆಳೆಯುವುದು. ಅಳುವಿನ ದನಿ ಒಡೆದು ಗೊಗ್ಗರಾಗುವುದು. ನಾಲಗೆ ಊದಿ ಜೊಲ್ಲು ನುಂಗಲಾಗದೆ ಸುರಿಯುವುದು. ಮಗು ಬಿಳಿಚಿಕೊಳ್ಳುವುದು, ಮಂಕಾಗುವುದು, ಕತ್ತು ವಾಲುವುದು. ಗಂಧೆಯ ಜೊತೆಗೆ ಮೇಲಿಂದ ಮೇಲೆ ವಾಂತಿಯಾದರೂ ಹಾಗೆಂದೇ ತಿಳಿಯಿರಿ. ಗಂಧೆ ಇಲ್ಲದೆಯೂ ಇದು ಬರಬಹುದು.

ಇದಕ್ಕೆ ಪ್ರಾಣ ಉಳಿಸುವ ಔಷಧಿ ಅಡ್ರಿನಲಿನ್ ಚುಚ್ಚುಮದ್ದು. ತೊಡೆಯ ಹೊರಬದಿಯ ಮಾಂಸಖಂಡಕ್ಕೆ ಕೊಡುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರ ಹತ್ತಿರವಿದ್ದರೆ ಅಲ್ಲಿಗೇ ಓಡಿ. ದೊಡ್ಡ ಆಸ್ಪತ್ರೆಯನ್ನು ಹುಡುಕುತ್ತಾ ಹೊತ್ತು ಕಳೆಯಬೇಡಿ. ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಮಗುವಿಗೆ ಆಹಾರದಿಂದ ಉಸಿರು ಕಟ್ಟುತ್ತಿದೆ ಎಂದು ಮೊದಲ ಮಾತಿನಲ್ಲೇ ಹೇಳಿ. ಮಗುವನ್ನು ಅಂಗಾತ ಮಲಗಿಸಿ ಕಾಲು ಸ್ವಲ್ಪ ಮೇಲಿಡಿ. ಉಸಿರಾಟ ಕಷ್ಟವಾಗಿದ್ದರೆ ಮಡಿಲಲ್ಲಿ ಕೂರಿಸಿಕೊಳ್ಳಿ. ವಾಂತಿಯಾಗುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ. ಎತ್ತಿ ನಿಲ್ಲಿಸಬೇಡಿ, ನಡೆಸಬೇಡಿ. ನೀರು, ಜೀರಿಗೆ ಕಷಾಯ, ಉಪ್ಪುನೀರು, ಏನನ್ನೂ ಬಾಯಿಗೆ ಹಾಕಬೇಡಿ. ದೃಷ್ಟಿ ತೆಗೆಯುವುದಿದ್ದರೆ ಮಗು ಮನೆಗೆ ವಾಪಸು ಬಂದ ಮೇಲೆ ತೆಗೆಯಿರಿ.

ಒಂದು ತಪ್ಪು ತುಂಬ ಕಡೆ ಆಗುತ್ತದೆ. ಮನೆಯಲ್ಲಿರುವ ಅಲರ್ಜಿ ಸಿರಪ್ಪನ್ನು ಕುಡಿಸಿ ಕಾಯುತ್ತಾರೆ. ಆ ಸಿರಪ್ಪು ತುರಿಕೆ ಇಳಿಸುತ್ತದೆ. ಬಿಗಿದ ಉಸಿರನ್ನು ಬಿಡಿಸುವುದಿಲ್ಲ. ಚುಚ್ಚುಮದ್ದಿನಿಂದ ಮಗು ಚೇತರಿಸಿಕೊಂಡ ಮೇಲೂ ಕೆಲವು ಗಂಟೆ ಆಸ್ಪತ್ರೆಯಲ್ಲೇ ಇರಬೇಕು. ಇಳಿದದ್ದು ಮತ್ತೆ ಮರುಕಳಿಸಬಹುದು. ಒಮ್ಮೆ ಹೀಗಾದ ಮಗುವಿನ ಮನೆಯಲ್ಲಿ ಅಡ್ರಿನಲಿನ್ ಇರಬೇಕು. ಹೊರದೇಶಗಳಲ್ಲಿ ಪೆನ್ನಿನಂಥ ಸಾಧನದಲ್ಲಿ ತುಂಬಿಟ್ಟ ಮದ್ದು ಸಿಗುತ್ತದೆ. ನಮ್ಮಲ್ಲಿ ಅದು ಸುಲಭವಾಗಿ ಸಿಗದು. ಮಗುವಿನ ತೂಕಕ್ಕೆ ತಕ್ಕ ಪ್ರಮಾಣ ಬರೆದುಕೊಟ್ಟು, ಸಿರಿಂಜಿನಲ್ಲಿ ಕೊಡುವುದನ್ನು ವೈದ್ಯರು ಮನೆಯವರಿಗೆ ಕಲಿಸಬಹುದು. ಕೇಳಿ ಕಲಿತುಕೊಳ್ಳಿ. ಅಮ್ಮ ಒಬ್ಬರೇ ಅಲ್ಲ. ಮಗುವನ್ನು ನೋಡಿಕೊಳ್ಳುವ ಎಲ್ಲರೂ.

ಅಪಾಯದ ಗುರುತು, ಚುಚ್ಚುಮದ್ದು, 108. ಇದು ಆಯಿತು. ಇನ್ನು, ಅಲರ್ಜಿ ಬಾರದಂತೆ ನೋಡಿಕೊಳ್ಳಬಹುದೇ?

ಒಂದು ಕಾಲಕ್ಕೆ ಹೊರದೇಶಗಳ ವೈದ್ಯರು ಹೇಳುತ್ತಿದ್ದರು, ಅಲರ್ಜಿಯ ಮನೆತನದ ಮಗುವಿಗೆ ಮೂರು ವರ್ಷದವರೆಗೆ ಕಡಲೆಬೀಜ ಬೇಡ ಎಂದು. ಆದರೂ ಅಲ್ಲಿ ಕಡಲೆಬೀಜದ ಅಲರ್ಜಿ ಏರುತ್ತಲೇ ಹೋಯಿತು. ಅಮೆರಿಕದಲ್ಲಿ ಮೊಮ್ಮಕ್ಕಳಿರುವ ನಮ್ಮವರಿಗೆ ಇದು ಗೊತ್ತು. ಎಷ್ಟೋ ಶಾಲೆಗಳ ಒಳಕ್ಕೆ ಕಡಲೆಬೀಜದ ಚಟ್ನಿಪುಡಿ ಒಯ್ಯುವಂತಿಲ್ಲ. ಲಂಡನ್ನಿನ ವೈದ್ಯ ಗಿಡಿಯನ್ ಲ್ಯಾಕ್ ಅವರಿಗೆ ಒಂದು ಸಂಗತಿ ಕಾಡಿತು. ಇಸ್ರೇಲಿನಲ್ಲಿ ಎಳೆಯ ಕೂಸುಗಳೂ ಕಡಲೆಬೀಜದ ಒಂದು ಮೆತ್ತನೆಯ ತಿಂಡಿ ತಿನ್ನುತ್ತವೆ. ಅದರ ಹೆಸರು ಬಾಂಬಾ. ಅಲ್ಲಿನ ಯಹೂದಿ ಮಕ್ಕಳಿಗಿಂತ ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಈ ಅಲರ್ಜಿ ಸುಮಾರು ಹತ್ತು ಪಟ್ಟು ಹೆಚ್ಚು. ಹಾಗಾದರೆ ದೂರ ಇಟ್ಟದ್ದೇ ತಪ್ಪೇ? 4ರಿಂದ 11 ತಿಂಗಳ 640 ಕೂಸುಗಳನ್ನು ಆರಿಸಿಕೊಂಡರು. ಎಲ್ಲವೂ ಜೋರು ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದವು. ಅರ್ಧದಷ್ಟು ಮಕ್ಕಳಿಗೆ ಕಡಲೆಬೀಜದ ತಿಂಡಿ ಕೊಡುತ್ತಾ ಹೋದರು. ಉಳಿದವರಿಗೆ ಕೊಡಲಿಲ್ಲ. ಐದು ವರ್ಷ ತುಂಬಿದಾಗ, ತಿನ್ನದ ಗುಂಪಿನಲ್ಲಿ ನೂರಕ್ಕೆ ಸುಮಾರು 17 ಮಕ್ಕಳಿಗೆ ಅಲರ್ಜಿ. ತಿಂದ ಗುಂಪಿನಲ್ಲಿ 3 ಮಕ್ಕಳಿಗೆ. 2015ರಲ್ಲಿ ಈ ಫಲಿತಾಂಶ ಬಂದ ಮೇಲೆ ಲೋಕದ ಸಲಹೆಯೇ ತಿರುಗಿತು.

ಆದ್ದರಿಂದ ಆರು ತಿಂಗಳಿಗೆ ಅನ್ನ ತಿನ್ನಿಸಿದ ಮೇಲೆ ಒಂದೊಂದೇ ಹೊಸ ಆಹಾರ ಶುರುಮಾಡಿ. ಬೇಳೆ, ಮೊಸರು, ಮೊಟ್ಟೆ, ಮೀನು, ಕಡಲೆಬೀಜ. ಮನೆಯಲ್ಲಿ ಉಣ್ಣುವುದು ಯಾವುದೋ ಅದು. ಮೊಟ್ಟೆಯನ್ನು ಚೆನ್ನಾಗಿ ಬೇಯಿಸಿ ಕೊಡಿ. ಕಡಲೆಬೀಜ ಹುರಿದು ನುಣ್ಣಗೆ ಪುಡಿಮಾಡಿ ರಾಗಿ ಸರಿಯಲ್ಲಿ ಕದಡಿ ಕೊಡಿ. ಇಡೀ ಬೀಜ ಬೇಡವೇ ಬೇಡ. ಐದು ವರ್ಷದೊಳಗಿನ ಮಗುವಿನ ಗಂಟಲಿಗೆ ಅದು ಸಿಕ್ಕಿಕೊಂಡೀತು. ಹೊಸದನ್ನು ಬೆಳಗಿನ ಹೊತ್ತು, ಮಗು ಆರೋಗ್ಯವಾಗಿದ್ದಾಗ, ಚಿಟಿಕೆಯಷ್ಟರಿಂದ ಕೊಡಿ. ಒಗ್ಗಿದ್ದನ್ನು ವಾರಕ್ಕೆರಡು ಸಲವಾದರೂ ಮುಂದುವರಿಸಿ. ಮಗುವಿಗೆ ಜೋರು ಇಸುಬು ಇದ್ದರೆ, ಆಗಲೇ ಒಂದು ಅಲರ್ಜಿ ಇದ್ದರೆ, ಕಡಲೆಬೀಜ ಶುರುಮಾಡುವ ಮುನ್ನ ವೈದ್ಯರನ್ನು ಕೇಳಿ. ಮುಂದೂಡಲು ಅಲ್ಲ. ಜೋಪಾನವಾಗಿ ಬೇಗ ಶುರುಮಾಡಲು.

ಖಚಿತವಾದ ಅಲರ್ಜಿ ಇರುವ ಮಗುವಿನ ಮನೆಯವರಿಗೆ ಒಂದೆರಡು ಮಾತು. ಸಂಕ್ರಾಂತಿಯ ಎಳ್ಳುಬೆಲ್ಲವನ್ನೇ ನೋಡಿ. ಎಳ್ಳು, ಕಡಲೆಬೀಜ, ಹುರಿಗಡಲೆ, ಕೊಬ್ಬರಿ ಎಲ್ಲವೂ ಒಂದೇ ಪೊಟ್ಟಣದಲ್ಲಿ. ಎಳ್ಳೂ ಅಲರ್ಜಿ ತರಬಲ್ಲದು. ಮಗುವಿನ ಕೈಗೆ ಕೊಡುವ ಮುನ್ನ ಒಂದು ಮಾತು ಕೇಳುವುದನ್ನು ನೆಂಟರಿಷ್ಟರಿಗೆ ಅಭ್ಯಾಸ ಮಾಡಿಸಿ. ಬೇಕರಿಯ ಕೇಕಿನಲ್ಲಿ ಮೊಟ್ಟೆ ಇರುತ್ತದೆ. ಪಫ್ಸ್ ಹೊಳೆಯಲೆಂದು ಮೇಲೆ ಮೊಟ್ಟೆ ಸವರಿರಬಹುದು. ಪೊಟ್ಟಣದ ಆಹಾರದ ಮೇಲೆ ಹಾಲು, ಮೊಟ್ಟೆ, ಮೀನು, ಗೋಧಿ, ಸೋಯಾ, ಕಡಲೆಬೀಜ ಮೊದಲಾದವು ಇದ್ದರೆ ನಮೂದಿಸಬೇಕೆಂದು ನಮ್ಮ ದೇಶದ ಕಾನೂನಿದೆ. ಅಕ್ಷರ ಸಣ್ಣದು. ಓದಲು ಬರುವ ಮಕ್ಕಳಿಂದ ಓದಿಸಿ. ಶಾಲೆ, ಅಂಗನವಾಡಿಗಳಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲು ಕೊಡುತ್ತಾರೆ. ಸರ್ಕಾರಿ ಶಾಲೆಗಳಲ್ಲಿ ಈಗ ಮೊಟ್ಟೆ ಇದೆ. ಬೇಡದವರಿಗೆ ಬಾಳೆಹಣ್ಣು ಕೊಡುತ್ತಾರೆ. ಇವು ನಮ್ಮ ಮಕ್ಕಳಿಗೆ ಸಿಕ್ಕಿರುವ ಒಳ್ಳೆಯ ಆಹಾರ. ಅಲರ್ಜಿ ಇರುವ ಒಂದು ಮಗುವಿನ ವಿಷಯವನ್ನು ಅಂಗನವಾಡಿ ಕಾರ್ಯಕರ್ತೆಗೆ, ಸಹಾಯಕಿಗೆ, ಅಡುಗೆಯವರಿಗೆ ಬಾಯಲ್ಲೂ ಹೇಳಿ, ಬರೆದೂ ಕೊಡಿ.

ಇನ್ನೊಂದು ಸಮಾಧಾನದ ಸಂಗತಿ. ಹಾಲು, ಮೊಟ್ಟೆಯ ಅಲರ್ಜಿ ಹೆಚ್ಚಿನ ಮಕ್ಕಳಲ್ಲಿ ಬೆಳೆಯುತ್ತಾ ಬಿಟ್ಟುಹೋಗುತ್ತದೆ. ಕಡಲೆಬೀಜದ್ದು ಐವರಲ್ಲಿ ಒಬ್ಬರಿಗೆ ಬಿಡುತ್ತದೆ. ಹಾಗಾಗಿ ಒಮ್ಮೆ ಬರೆದ ಚೀಟಿ ಜೀವಮಾನಕ್ಕಲ್ಲ. ವರ್ಷಕ್ಕೊಮ್ಮೆ ತೋರಿಸಿ.

ಆ ಮಗುವಿನ ಚೀಟಿಯಲ್ಲಿ ಕೊನೆಗೆ ಉಳಿದದ್ದು ಒಂದೇ ಹೆಸರು. ಮೊಟ್ಟೆ. ಬೇಳೆ, ಬಾಳೆಹಣ್ಣು, ಮೊಸರು ಆ ವಾರವೇ ತಟ್ಟೆಗೆ ಬಂದವು. ಕಡಲೆಬೀಜವನ್ನು ಆಸ್ಪತ್ರೆಯಲ್ಲಿ ನಮ್ಮೆದುರೇ ಶುರುಮಾಡಿದೆವು. ಆರು ತಿಂಗಳಲ್ಲಿ ಮಗು ಮೂರು ಕಿಲೋ ಹತ್ತಿತು. ಮೂರನೆಯ ವರ್ಷಕ್ಕೆ, ಕೇಕಿನಲ್ಲಿ ಬೆಂದ ಮೊಟ್ಟೆಯನ್ನು ಕೊಟ್ಟು ನೋಡಿದೆವು. ಎರಡು ಗಂಟೆ ಕಾದೆವು. ಏನೂ ಆಗಲಿಲ್ಲ. ಇನ್ನೊಂದು ದಿನ ಬೇಯಿಸಿದ ಮೊಟ್ಟೆಯ ಬಿಳಿಯನ್ನು ಕೊಟ್ಟೆವು. ಎರಡನೆಯ ತುಣುಕಿಗೇ ಕುತ್ತಿಗೆಯ ಮೇಲೆ ನಾಲ್ಕು ಗಂಧೆ ಎದ್ದವು. ಅಲ್ಲಿಗೇ ನಿಲ್ಲಿಸಿದೆವು.

ಅಜ್ಜಿ ಪಕ್ಕದಲ್ಲೇ ಇದ್ದರು. ಅವರಿಗೆ ಬರೆಯಲು ಬರುವುದಿಲ್ಲ. ಸೊಸೆಯ ಕೈಗೆ ಪುಸ್ತಕ ಕೊಟ್ಟು ಹೇಳಿ ಬರೆಸಿದರು. ಬಿಳಿ, ಎರಡು ತುಣುಕು, ಹತ್ತು ನಿಮಿಷ, ಕುತ್ತಿಗೆ. ಕೇಕು ತಿನ್ನಬಹುದು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಮುಂದಿನ ವರ್ಷ ಯಾವ ತಿಂಗಳು ಬರಾನಮ್ಮಾ?"

ಯುಗಾದಿ ಕಳೆದ ಮೇಲೆ ಬನ್ನಿ ಎಂದಿದ್ದೇನೆ. ಪುಸ್ತಕದಲ್ಲಿ ಇನ್ನೂ ಹಾಳೆಗಳಿವೆ.